ಜಮಖಂಡಿ ಪುರಸಭೆಯಿಂದ ಮುಂಬಯಿ ಶಾಸನಸಭೆಗೆ: ಬಿ.ಡಿ. ಜತ್ತಿಯವರ ಮೊದಲ ಹದಿನಾರು ವರ್ಷ

ಸಾವಳಗಿ ಸೀಮೆ (ಚರ್ಚೆ ಶುರು ಮಾಡಿದವರು)

ಬಿ.ಡಿ. ಜತ್ತಿ ಅಂದ ಕೂಡಲೇ ಎಲ್ಲರೂ 1977ಕ್ಕೆ ಹೋಗುತ್ತಾರೆ. ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡ ಮೇಲೆ ಐದೂವರೆ ತಿಂಗಳು ಹಂಗಾಮಿ ರಾಷ್ಟ್ರಪತಿ ಆಗಿದ್ದರು ಅಂತ ಹೇಳಿ ಮುಗಿಸುತ್ತಾರೆ. ಸ್ವಲ್ಪ ಓದಿಕೊಂಡವರು ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದನ್ನೂ ಸೇರಿಸುತ್ತಾರೆ. ನನಗೆ ಮಾತಾಡಬೇಕಿರುವುದು ಅದಕ್ಕೂ ಹಿಂದಿನ ಕಾಲದ ಬಗ್ಗೆ, 1940ರಿಂದ 1956ರವರೆಗೆ. ಆ ಹದಿನಾರು ವರ್ಷವನ್ನು ಯಾರೂ ಸರಿಯಾಗಿ ನೋಡಿಲ್ಲ ಅನ್ನೋದು ನನ್ನ ದೂರು.

ಹುಟ್ಟಿದ್ದು 1912ರ ಸೆಪ್ಟೆಂಬರ್ 10, ಜಮಖಂಡಿ ಹತ್ತಿರದ ಸಾವಳಗಿಯಲ್ಲಿ. ತಂದೆಯದ್ದು ಕಿರಾಣಿ ವ್ಯಾಪಾರ. ವಿಜಾಪುರದಲ್ಲಿ ಹೈಸ್ಕೂಲು, ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಬಿ.ಎ., ಅದೇ ಊರಿನಲ್ಲಿ ಕಾನೂನು ಪದವಿ. ಆಮೇಲೆ ಜಮಖಂಡಿಗೆ ಬಂದು ವಕೀಲಿ ಶುರು ಮಾಡಿದರು. ಆಗ ಜಮಖಂಡಿ ಬ್ರಿಟಿಷ್ ತಾಲೂಕು ಅಲ್ಲ, ಪಟವರ್ಧನ್ ಮನೆತನದ ಸಂಸ್ಥಾನ. ಅರಮನೆಯ ಕಡೆ ಮರಾಠಿ, ಪೇಟೆಯಲ್ಲಿ ಕನ್ನಡ. ಅಂಥ ಊರಲ್ಲಿ 1940ರಲ್ಲಿ ಜತ್ತಿ ಪುರಸಭೆಗೆ ಸದಸ್ಯರಾದರು. 1945ರಲ್ಲಿ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಗೆ ಆಯ್ಕೆ, ಮಂತ್ರಿಗಿರಿ, 1948ರ ಹೊತ್ತಿಗೆ ದಿವಾನಗಿರಿ. ಆ ವರ್ಷ ಮಾರ್ಚ್ 8ಕ್ಕೆ ಜಮಖಂಡಿ ಭಾರತ ಒಕ್ಕೂಟದಲ್ಲಿ ಸೇರಿಹೋಯಿತು. ರಾಜ ಶಂಕರರಾವ್ ಪಟವರ್ಧನ್ ಅಧಿಕಾರ ಬಿಟ್ಟುಕೊಟ್ಟಾಗ ಅವರ ಜೊತೆ ನಿಂತು ಕಾಗದಪತ್ರ ಮುಗಿಸಿಕೊಟ್ಟವರು ಇದೇ ಜತ್ತಿ. ಅಂದರೆ ತಮ್ಮ ದಿವಾನಗಿರಿಗೂ ತಾವೇ ಕೊನೆ ಹಾಡಿದರು.

ಮುಂದೇನು ಮಾಡಿದರು? ಸುಮ್ನೆ ಮತ್ತೆ ಕೋರ್ಟಿಗೆ ಹೋದರು. ಸುಮಾರು 20 ತಿಂಗಳು ವಕೀಲಿ. ಆಮೇಲೆ, ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ಶಾಸನಸಭೆಗೆ ನಾಮಕರಣ ಆಯಿತು. ಒಂದೇ ವಾರದಲ್ಲಿ ಮುಖ್ಯಮಂತ್ರಿ ಬಿ.ಜಿ. ಖೇರ್ ಜತ್ತಿಯವರನ್ನು ಸಂಸದೀಯ ಕಾರ್ಯದರ್ಶಿ ಮಾಡಿಕೊಂಡರು. 1952ರ ಚುನಾವಣೆ ಆದ ಮೇಲೆ ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ ಆದರು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಬದಲಾಗಿ ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರದ ಕಡೆಯವರೆಲ್ಲ ಮೈಸೂರಿಗೆ ಬಂದಾಗ ಜತ್ತಿಯವರೂ ಬೆಂಗಳೂರಿಗೆ ಬಂದರು.

ನಾನು ಹೇಳೋದು ಇಷ್ಟು. ಮುಂದೆ ಅವರು ಮಾಡಿದ ಒಳ್ಳೆಯದು ಕೆಟ್ಟದ್ದು ಎರಡರ ಬೇರೂ ಜಮಖಂಡಿ ಪುರಸಭೆಯಲ್ಲಿದೆ. ಅವರು ಭಾಷಣದಿಂದ ಬೆಳೆದವರಲ್ಲ. ಸಭೆ, ಠರಾವು (ನಿರ್ಣಯ), ಸಮಿತಿ, ವರದಿ, ಇದೇ ಅವರ ದಾರಿ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ತುಂಗೆ ದಂಡೆ

ಒಳ್ಳೆ ವಿಷಯ ತೆಗೆದಿರಿ ಸರ್. ಇದೇ ದಾರಿಯಲ್ಲಿ ಬಂದ ಇನ್ನೊಬ್ಬರು ನಮ್ಮ ಕಡೆಯವರೇ. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆಗೆ ಗೆದ್ದವರು, 1977ರಲ್ಲಿ ಅಧ್ಯಕ್ಷ, 1983ರಲ್ಲಿ ಶಾಸಕ. ಇವರ ರಾಜಕೀಯ ಬೇರೆ, ಅವರ ರಾಜಕೀಯ ಬೇರೆ. ಆದರೆ ಮೊದಲ ಮೆಟ್ಟಿಲು ಒಂದೇ ಅಲ್ವಾ? ಸ್ವಾತಂತ್ರ್ಯಕ್ಕೆ ಮುಂಚೆ ದೊಡ್ಡವರೂ ಹೀಗೇ ಬಂದರು. ವಲ್ಲಭಭಾಯಿ ಪಟೇಲರು ಅಹಮದಾಬಾದ್ ಪುರಸಭೆ ಅಧ್ಯಕ್ಷರಾಗಿದ್ದರು, ನೆಹರೂ ಅಲಹಾಬಾದಿನಲ್ಲಿ.

ಒಂದು ಪ್ರಶ್ನೆ. ನಾಮಕರಣ ಅಂದ್ರೆ ಜನ ಓಟು ಹಾಕಲೇ ಇಲ್ವಾ?

ವಕೀಲಿ ಕೋಟು

ಹಾಕಲಿಲ್ಲ. ಅದೇ ನನ್ನ ತಕರಾರು ಕೂಡ. ಸೀಮೆಯವರೇ, ನಿಮ್ಮ ಅಭಿಮಾನ ಅರ್ಥ ಆಗುತ್ತದೆ. ಆದರೆ ಕಥೆ ಸ್ವಲ್ಪ ನುಣುಪಾಗಿ ಹೇಳಿದ್ದೀರಿ.

ಸಂಸ್ಥಾನ ಅಂದ ಮೇಲೆ ಅಲ್ಲಿ ಕೊನೇ ಮಾತು ರಾಜನದ್ದೇ. ಅವನ ಒಪ್ಪಿಗೆ ಇಲ್ಲದೆ ಯಾರೂ ಮಂತ್ರಿ, ದಿವಾನ ಆಗಲು ಆಗುತ್ತಿರಲಿಲ್ಲ. ಆಮೇಲೆ ಮುಂಬಯಿಗೆ ಹೋದದ್ದು ನಾಮಕರಣದಿಂದ. 1958ರಲ್ಲಿ ಮುಖ್ಯಮಂತ್ರಿ ಆದದ್ದು ಹೇಗೆ? ನಿಜಲಿಂಗಪ್ಪನವರ ವಿರುದ್ಧ ಪಕ್ಷದ ಒಳಗೇ ಬಂಡಾಯ ಎದ್ದು ಅವರು ಇಳಿದರು. ಶಾಸಕಾಂಗ ಪಕ್ಷದಲ್ಲಿ ಟಿ. ಸುಬ್ರಹ್ಮಣ್ಯ ಅವರ ಎದುರು ಜತ್ತಿ ಗೆದ್ದರು. ಅದು ಗುಂಪುಗಾರಿಕೆ ಕಾಲ. ಯಾರಿಗೂ ಜಾಸ್ತಿ ವೈರ ಇಲ್ಲದ ಮನುಷ್ಯ ಬೇಕಿತ್ತು, ಅವರು ಸಿಕ್ಕರು. ಇದರಲ್ಲಿ ಪುರಸಭೆಯ ಪಾಲು ಎಷ್ಟು, ಅದೃಷ್ಟದ ಪಾಲು ಎಷ್ಟು ಅಂತ ಕೇಳಲೇಬೇಕು.

ಸಾವಳಗಿ ಸೀಮೆ

ವಕೀಲರೇ, ನಾಮಕರಣದ ಮಾತು ನಿಜ. ಆದರೆ ಆಗ ಬೇರೆ ದಾರಿಯೇ ಇರಲಿಲ್ಲ. ಮುಂಬಯಿ ಶಾಸನಸಭೆಗೆ ಚುನಾವಣೆ ಆದದ್ದು 1946ರಲ್ಲಿ. ಆಗ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗ್ಲಿ, ಮಿರಜ್ ಎಲ್ಲ ಬೇರೆ ಬೇರೆ ಸಂಸ್ಥಾನ, ಅವರಿಗೆ ಅಲ್ಲಿ ಓಟೇ ಇರಲಿಲ್ಲ. 1948ರಲ್ಲಿ ಒಮ್ಮೆಗೇ ಇವೆಲ್ಲ ಮುಂಬಯಿ ಆಡಳಿತಕ್ಕೆ ಬಂದವು. ಅಲ್ಲಿಯ ಜನರ ಪರವಾಗಿ ಶಾಸನಸಭೆಯಲ್ಲಿ ಕೂರುವವರು ಯಾರೂ ಇಲ್ಲ. ಮುಂದಿನ ಚುನಾವಣೆವರೆಗೆ ಯಾರನ್ನಾದರೂ ಕಳಿಸಲೇಬೇಕಿತ್ತು. ಹೀಗಿರುವಾಗ ನಾಮಕರಣ ಅನ್ನೋದನ್ನೇ ದೊಡ್ಡ ಕಳಂಕ ಮಾಡಬಾರದು. ಆಮೇಲೆ ಜಮಖಂಡಿಯಿಂದ ಮತ್ತೆ ಮತ್ತೆ ಜನರ ಓಟಿನಿಂದಲೇ ಗೆದ್ದರು. 1962ರಲ್ಲಿ, 1967ರಲ್ಲೂ.

ಇನ್ನು ಅದೃಷ್ಟದ ಮಾತು. ಖೇರ್ ಸಾಹೇಬರ ಹತ್ತಿರ ಆಗ ಶಾಸಕರಿಗೇನು ಬರ ಇತ್ತೇ? ಬಂದು ಒಂದು ವಾರ ಆಗಿರುವ ಮನುಷ್ಯನನ್ನು, ಅದೂ ಕನ್ನಡ ಸೀಮೆಯ ಸಣ್ಣ ಸಂಸ್ಥಾನದವನನ್ನು, ಯಾಕೆ ಆರಿಸಿದರು? ಪುರಸಭೆಯ ಲೆಕ್ಕ ನೋಡಿದ್ದಾನೆ, ಒಂದು ಇಡೀ ಸಂಸ್ಥಾನದ ಆಡಳಿತ ನೋಡಿ ಅದನ್ನು ಒಪ್ಪಿಸಿಯೂ ಕೊಟ್ಟಿದ್ದಾನೆ. ಅಂಥ ಅನುಭವ ಇದ್ದವರು ಆ ಸಭೆಯಲ್ಲಿ ಬೆರಳೆಣಿಕೆ ಅಂತ ನನ್ನ ನಂಬಿಕೆ.

ಪುಣೆ ಕನ್ನಡಿಗ

ನಾನು ಇರುವುದು ಮಹಾರಾಷ್ಟ್ರದಲ್ಲಿ. ಆದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಆಗಿನ ಮುಂಬಯಿ ರಾಜ್ಯ ಅಂದರೆ ಈಗಿನ ಮಹಾರಾಷ್ಟ್ರ ಅಲ್ಲ. ಗುಜರಾತಿ, ಮರಾಠಿ, ಕನ್ನಡ ಮೂರೂ ಸೀಮೆ ಒಂದೇ ಸರ್ಕಾರದ ಕೆಳಗೆ. ವಿಜಾಪುರದ ರೈತನ ಅರ್ಜಿ ಮುಂಬಯಿಗೆ ಹೋಗಬೇಕು. ಕನ್ನಡ ಜಿಲ್ಲೆಗಳ ಶಾಸಕರು ಅಲ್ಲಿ ಅಲ್ಪಸಂಖ್ಯಾತರು. ಅಂಥ ಕಡೆ ಮರಾಠಿ ಬಲ್ಲ ಕನ್ನಡಿಗನಿಗೆ ಅನುಕೂಲ ಇತ್ತು. ಜತ್ತಿಯವರು ಓದಿದ್ದೇ ಕೊಲ್ಹಾಪುರದಲ್ಲಿ. ಜಮಖಂಡಿಯಂಥ ಎರಡು ಭಾಷೆಯ ಊರಲ್ಲಿ ಪುರಸಭೆ ನಡೆಸಿದವರಿಗೆ ಮುಂಬಯಿ ಹೊಸದಾಗಿ ಕಂಡಿರಲಿಕ್ಕಿಲ್ಲ.

ನಮ್ಮ ಗಡಿ ಭಾಗದ ರಾಜಕಾರಣಿಗಳ ಈ ಗುಣದ ಬಗ್ಗೆ ಬೆಂಗಳೂರಿನವರು ಯಾವತ್ತೂ ಗಮನ ಕೊಟ್ಟಿಲ್ಲ. ಬೇಜಾರಿನಿಂದಲೇ ಹೇಳುತ್ತಿದ್ದೇನೆ.

ವಾರ್ಡ್ ಹನ್ನೊಂದು

ಎಲ್ಲರಿಗೂ ನಮಸ್ಕಾರ. ನಾನು ಒಂದು ಪುರಸಭೆಯಲ್ಲಿ ಒಂದು ಅವಧಿ ಸದಸ್ಯೆ ಆಗಿದ್ದವಳು. ಊರ ಹೆಸರು ಬೇಡ. ಸೀಮೆ ಅಣ್ಣ ಹೇಳುವ ಮಾತು ನನಗೆ ಪುಸ್ತಕದಿಂದ ಅಲ್ಲ, ಅನುಭವದಿಂದ ಗೊತ್ತು.

ನಮ್ಮ ವಾರ್ಡಿನ ಬೋರ್‌ವೆಲ್ ಮೋಟರ್ ಬೇಸಿಗೆಯಲ್ಲಿ ಸುಟ್ಟಿತು. ಬೆಳಿಗ್ಗೆ ಆರಕ್ಕೇ ಮನೆ ಮುಂದೆ ಹೆಂಗಸರು, ಕೊಡ ಹಿಡಿದುಕೊಂಡು. ನಾನು ನೇರ ಮುಖ್ಯಾಧಿಕಾರಿ ಹತ್ತಿರ ಹೋದೆ. ಅವರು ಹೇಳಿದ್ದು: ರಿಪೇರಿಗೆ ಜೂನಿಯರ್ ಇಂಜಿನಿಯರ್ ಅಂದಾಜು ಪಟ್ಟಿ ಬೇಕು, ಕೊಟೇಶನ್ ಬೇಕು, ಯಾವ ಲೆಕ್ಕ ಶೀರ್ಷಿಕೆಯಲ್ಲಿ ದುಡ್ಡಿದೆ ನೋಡಬೇಕು, ಅಧ್ಯಕ್ಷರ ಸಹಿ ಬೇಕು, ಆಮೇಲೆ ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಟ್ಯಾಂಕರ್ ಕಳಿಸಿದರೆ ಅದರ ಬಿಲ್ಲಿಗೂ ಠರಾವು. ಅವತ್ತು ನನಗೆ ಸಿಟ್ಟು ಬಂತು. ಆದರೆ ಆ ಅಂದಾಜು ಪಟ್ಟಿ ಕೈಗೆ ತಗೊಂಡು ಒಂದೊಂದೇ ಸಾಲು ಓದಿದೆ. ಕೇಬಲ್ ಎಷ್ಟು ಮೀಟರ್, ರಿವೈಂಡಿಂಗ್ ಎಷ್ಟು, ಪೈಪ್ ಎತ್ತಿ ಇಳಿಸುವ ಕೂಲಿ ಎಷ್ಟು. ಕೇಬಲ್ ಹೊಸದೇ ಇತ್ತು, ಮತ್ತೆ ಯಾಕೆ ಬರೆದಿದ್ದೀರಿ ಅಂತ ಕೇಳಿದೆ. ಆ ಸಾಲು ಹೊಡೆದು ಹಾಕಿದರು. ಮುಂದಿನ ಸಭೆಯಿಂದ ನನ್ನ ಹತ್ತಿರ ಬರುವ ಕಾಗದ ಎಲ್ಲ ಸರಿಯಾಗಿ ಬರತೊಡಗಿದವು.

ಶಾಸಕರಾಗಿ ನೇರ ಗೆದ್ದವರಿಗೆ ಇದು ಗೊತ್ತಿರುವುದಿಲ್ಲ. ಅವರು ಕೋಟಿ ಲೆಕ್ಕದಲ್ಲಿ ಅನುದಾನ ತಂದೆ ಅಂತ ಹೇಳುತ್ತಾರೆ. ಅದು ಊರಿಗೆ ಬಂದ ಮೇಲೆ ಯಾವ ಕಾಗದದಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನೋದು ಪುರಸಭೆಯಲ್ಲಿ ಕೂತವರಿಗೇ ಗೊತ್ತು. ಪುರಸಭೆಯ ಮೀಟಿಂಗ್ ಅಂದರೆ ಅಡುಗೆಮನೆ. ಅಲ್ಲಿ ಕೈ ಸುಟ್ಟುಕೊಂಡವರಿಗೆ ಮಾತ್ರ ಉರಿ ಎಷ್ಟಿಡಬೇಕು ಅಂತ ಗೊತ್ತಾಗುತ್ತದೆ. ಜತ್ತಿಯವರು ಸದಸ್ಯರಾಗಿ, ಅಧ್ಯಕ್ಷರಾಗಿ ವರ್ಷಗಟ್ಟಲೆ ಅದನ್ನೇ ಮಾಡಿದವರು. ಆಮೇಲೆ ಆರೋಗ್ಯ ಖಾತೆ ಕೊಟ್ಟಾಗ ಅವರಿಗೆ ಚರಂಡಿ, ಕುಡಿಯುವ ನೀರು, ಸಾಂಕ್ರಾಮಿಕ ರೋಗ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತುಂಗೆ ದಂಡೆ

ಅಕ್ಕಾ, ಕೇಬಲ್ ಸಾಲು ಹೊಡೆಸಿದ್ದಕ್ಕೆ ದೊಡ್ಡ ನಮಸ್ಕಾರ.

ಜೋಳದ ಹೊಲ

ನಾನು ರೈತರ ಮಗ. ಜತ್ತಿಯವರ ಹೆಸರು ನಮ್ಮ ಮನೆಯಲ್ಲಿ ಭೂ ಸುಧಾರಣೆ ವಿಷಯದಲ್ಲಿ ಬರುತ್ತಿತ್ತು. ಅದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ.

1956ರಲ್ಲಿ ರಾಜ್ಯ ಒಂದಾದಾಗ ಗೇಣಿ ಕಾನೂನು ಒಂದೇ ಇರಲಿಲ್ಲ. ನಮ್ಮ ಮುಂಬಯಿ ಕರ್ನಾಟಕದಲ್ಲಿ 1948ರ ಕಾಯ್ದೆ. ಹೈದರಾಬಾದ್ ಕರ್ನಾಟಕದಲ್ಲಿ 1950ರದ್ದು. ಹಳೇ ಮೈಸೂರಿನಲ್ಲಿ 1952ರದ್ದು. ಮಂಗಳೂರು ಕಡೆ, ಕೊಡಗಿನ ಕಡೆ ಮತ್ತೆ ಬೇರೆ. ಒಂದೇ ರಾಜ್ಯದಲ್ಲಿ ಲಾವಣಿ (ಗೇಣಿ) ಮಾಡುವವನಿಗೆ ಊರಿಗೊಂದು ಹಕ್ಕು. ಇದನ್ನೆಲ್ಲ ಒಂದು ಮಾಡಲು 1957ರಲ್ಲಿ ಸಮಿತಿ ಮಾಡಿದರು, ಅದರ ಅಧ್ಯಕ್ಷರು ಜತ್ತಿ. ಈಗಲೂ ಅದನ್ನು ಜತ್ತಿ ಸಮಿತಿ ಅಂತಲೇ ಕರೆಯುತ್ತಾರೆ. ಆ ವರದಿ ಮೇಲೆ ಮಸೂದೆ ಬಂತು, ಕಡಿದಾಳ್ ಮಂಜಪ್ಪ ಕಂದಾಯ ಮಂತ್ರಿ ಆಗಿದ್ದಾಗ 1961ರಲ್ಲಿ ಕಾಯ್ದೆ ಆಯಿತು.

ಈಗ ನನ್ನ ನೋವು ಹೇಳುತ್ತೇನೆ. ಕಾಯ್ದೆ ಜಾರಿ ಆದದ್ದು 1965ರ ಅಕ್ಟೋಬರ್ 2ಕ್ಕೆ! ನಾಲ್ಕು ವರ್ಷ ಕಾಗದದಲ್ಲೇ ಇತ್ತು. ಜೊತೆಗೆ, ಖುದ್ದು ಸಾಗುವಳಿ ಮಾಡುತ್ತೇನೆ ಅಂತ ಹೇಳಿ ಜಮೀನು ವಾಪಸ್ ಪಡೆಯಲು ಮಾಲೀಕರಿಗೆ ದಾರಿ ಬಿಟ್ಟಿದ್ದರು. ಆ ನಾಲ್ಕು ವರ್ಷದಲ್ಲಿ ಉಳ್ಳವರು ಹೊಲ ಹಂಚಿ ಬರೆಸಿಕೊಳ್ಳಲು, ಲಾವಣಿದಾರರನ್ನು ಬಿಡಿಸಲು ಸಮಯ ಸಿಕ್ಕಿತು. ಬಡವರ ಕೈಗೆ ನಿಜವಾಗಿ ಹೊಲ ಬಂದದ್ದು ದೇವರಾಜ ಅರಸರ 1974ರ ತಿದ್ದುಪಡಿಯಿಂದ, ತಾಲೂಕಿಗೆ ಭೂ ನ್ಯಾಯಮಂಡಳಿ ಮಾಡಿದ ಮೇಲೆ. ಹಾಗಾಗಿ ಸಮಿತಿ, ವರದಿ, ಠರಾವು ಅನ್ನೋ ದಾರಿಯನ್ನು ನಾನು ಅಷ್ಟು ಹೊಗಳಲಾರೆ. ಎಲ್ಲರನ್ನೂ ಕೂರಿಸಿ ಮಾತಾಡಿಸಿ ಒಪ್ಪಿಸುವುದು ಪುರಸಭೆಯಲ್ಲಿ ನಡೆಯುತ್ತದೆ. ಹೊಲದ ವಿಷಯದಲ್ಲಿ ಮಾಲೀಕನನ್ನೂ ಉಳುವವನನ್ನೂ ಒಟ್ಟಿಗೆ ಖುಷಿ ಮಾಡಲು ಆಗುವುದಿಲ್ಲ.

ಸಾವಳಗಿ ಸೀಮೆ

ಹೊಲದವರೇ, ಈ ಮಾತು ಈ ಚರ್ಚೆಗೆ ಬೇಕಿತ್ತು. ಅದಕ್ಕೇ ಮೊದಲೇ ಬರೆದೆ, ಒಳ್ಳೆಯದು ಕೆಟ್ಟದ್ದು ಎರಡರ ಬೇರೂ ಅಲ್ಲಿದೆ ಅಂತ. ಎಲ್ಲರ ಮಾತೂ ಕೇಳಿ ನಡುದಾರಿ ಹಿಡಿಯುವ ಅಭ್ಯಾಸ 1961ರ ಕಾಯ್ದೆಯಲ್ಲಿ ಎದ್ದು ಕಾಣುತ್ತದೆ. ಅರಸರಿಗೆ ಆ ಅಭ್ಯಾಸ ಇರಲಿಲ್ಲ. ಆದರೆ 1974ರ ತಿದ್ದುಪಡಿ ನಿಂತದ್ದು ಇದೇ ಕಾಯ್ದೆಯ ಮೇಲೆ. ಐದು ಸೀಮೆಯ ಕಾನೂನು ಒಂದು ಆಗದೇ ಇದ್ದಿದ್ದರೆ ಅರಸರು ತಿದ್ದುವುದಾದರೂ ಯಾವುದನ್ನು?

ಇನ್ನೊಂದು ಕೆಲಸ ಇದೆ, ಅದು ಜಾಸ್ತಿ ಜನರಿಗೆ ಗೊತ್ತಿಲ್ಲ. ಜತ್ತಿಯವರು ಮುಖ್ಯಮಂತ್ರಿ ಆಗಿದ್ದಾಗಲೇ 1959ರಲ್ಲಿ ಮೈಸೂರು ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಬಂತು. ಊರಿಗೆ ಪಂಚಾಯತಿ, ತಾಲೂಕಿಗೆ ತಾಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು. ಹಿರಿಯರು ಈಗಲೂ "ತಾಲೂಕ್ ಬೋರ್ಡ್ ಮೆಂಬರ್" ಅಂತ ಹೇಳುತ್ತಾರಲ್ಲ, ಅದು ಇದೇ. ತಾಲೂಕು ಮಂಡಳಿಗೆ ಜನರೇ ನೇರ ಓಟು ಹಾಕುತ್ತಿದ್ದರು. ಜಿಲ್ಲಾ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಯನ್ನೇ ಅಧ್ಯಕ್ಷ ಮಾಡಿಟ್ಟರು, ಅದು ಆ ಕಾಯ್ದೆಯ ಕೊರತೆ. ಆದರೂ 1987ರಲ್ಲಿ ಹೆಗಡೆ, ನಜೀರ್ ಸಾಬ್ ಕಾಲದ ಜಿಲ್ಲಾ ಪರಿಷತ್ತು ಬರುವವರೆಗೆ ನಮ್ಮ ಹಳ್ಳಿ ರಾಜಕೀಯ ನಡೆದದ್ದು ಈ ಚೌಕಟ್ಟಿನಲ್ಲೇ. ಸ್ಥಳೀಯ ಸಂಸ್ಥೆಯಿಂದ ಬಂದ ಮುಖ್ಯಮಂತ್ರಿ ಮೊದಲ ಎರಡು ವರ್ಷದೊಳಗೇ ಸ್ಥಳೀಯ ಸಂಸ್ಥೆಗೆ ಕಾಯ್ದೆ ಮಾಡಿದ್ದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಕಾಲೇಜು ಮೇಷ್ಟ್ರು

ನಾನು ರಾಜ್ಯಶಾಸ್ತ್ರ ಪಾಠ ಮಾಡುವವನು. 1962ರ ಪ್ರಸಂಗ ಯಾರಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ.

ಮಾರ್ಚ್ 9ಕ್ಕೆ ಜತ್ತಿಯವರ ಮುಖ್ಯಮಂತ್ರಿ ಅವಧಿ ಮುಗಿಯಿತು. ಆ ಚುನಾವಣೆಯಲ್ಲಿ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಹಾಗಾಗಿ ಹುನಗುಂದದ ಎಸ್.ಆರ್. ಕಂಠಿ ಮುಖ್ಯಮಂತ್ರಿ ಆದರು. ಮೂರು ತಿಂಗಳಿಗೆ ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದರು, ಕಂಠಿ ಜಾಗ ಬಿಟ್ಟುಕೊಟ್ಟರು. ಈಗ ನೋಡಿ, ಜುಲೈ 2ಕ್ಕೆ ಜತ್ತಿ ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಮಂತ್ರಿ ಆಗಿ ಪ್ರಮಾಣವಚನ ತೆಗೆದುಕೊಂಡರು. ಸುಮಾರು ನಾಲ್ಕು ವರ್ಷ ಮುಖ್ಯಮಂತ್ರಿ ಆಗಿದ್ದವರು, ತಾವು ಯಾರ ಜಾಗಕ್ಕೆ ಬಂದಿದ್ದರೋ ಅವರ ಕೈ ಕೆಳಗೆ ಕೆಲಸ ಮಾಡಲು ಒಪ್ಪಿದರು. 1967ರ ಮೇಲೆ ಆಹಾರ ಖಾತೆ ನೋಡಿಕೊಂಡರು. ಈಗ ಮುಖ್ಯಮಂತ್ರಿ ಆಗಿ ಇಳಿದವರು ಆಹಾರ ಖಾತೆ ಒಪ್ಪುತ್ತಾರಾ?

ಇವತ್ತಿನ ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದರ ನೆಲದ ಲೆಕ್ಕ ಹಿಡಿದರೆ ಜತ್ತಿ ಜಮಖಂಡಿಯವರು, ಕಂಠಿ ಹುನಗುಂದದವರು, ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದವರು. ಸಾಲಾಗಿ ಮೂವರು ಮುಖ್ಯಮಂತ್ರಿಗಳು. ಆ ಭಾಗದ ಮಕ್ಕಳಿಗೆ ಇದನ್ನು ಶಾಲೆಯಲ್ಲಿ ಹೇಳಿಕೊಡಬೇಕು ಅಂತ ನನ್ನ ಆಸೆ.

ವಕೀಲಿ ಕೋಟು

ಮೇಷ್ಟ್ರೇ, 1962ರ ವಿಷಯದಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಅಂಥ ನಡತೆ ಈಗ ಸಿಗುವುದಿಲ್ಲ. ಆದರೆ ಶಾಸನಸಭೆಗಳ ವಿಷಯದಲ್ಲಿ ಅವರ ಎರಡು ತೀರ್ಮಾನಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಮೊದಲನೆಯದು 1973, ಒಡಿಶಾ. ಜತ್ತಿ ಆಗ ಅಲ್ಲಿ ರಾಜ್ಯಪಾಲರು. ಕಾಂಗ್ರೆಸ್ ಮುಖ್ಯಮಂತ್ರಿ ನಂದಿನಿ ಸತ್ಪತಿ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷದ ಬಿಜು ಪಟ್ನಾಯಕ್ ಕಡೆಯವರು ನಮಗೆ ಬಹುಮತ ಇದೆ, ಸರ್ಕಾರ ಮಾಡುತ್ತೇವೆ ಅಂದರು. ಅವಕಾಶ ಕೊಡಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಬಂತು, ವಿಷಯ ಹೈಕೋರ್ಟ್‌ವರೆಗೂ ಹೋಯಿತು.

ಎರಡನೆಯದು 1977. ಜನತಾ ಸರ್ಕಾರ ಬಂದ ಮೇಲೆ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ತೀರ್ಮಾನಿಸಿತು. ಸುಪ್ರೀಂ ಕೋರ್ಟ್ ಏಪ್ರಿಲ್ 29ರಂದು ರಾಜ್ಯಗಳ ಅರ್ಜಿ ತಳ್ಳಿಹಾಕಿತು. ಆದರೂ ಜತ್ತಿ ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೇ ಆಯಿತು. ಕೊನೆಗೆ ಏಪ್ರಿಲ್ 30ಕ್ಕೆ ಸಹಿ ಬಿತ್ತು.

1973ರಲ್ಲಿ ಚುನಾಯಿತ ಸಭೆಯ ಬಹುಮತ ಅಲ್ಲೇ ಪರೀಕ್ಷೆ ಆಗಲಿ ಅನ್ನಲಿಲ್ಲ. 1977ರಲ್ಲಿ ಚುನಾಯಿತ ಸಭೆಗಳನ್ನು ಹೀಗೆ ಮನೆಗೆ ಕಳಿಸಬಹುದೇ ಅಂತ ತಡೆದರು. ಎರಡರಲ್ಲೂ ಲಾಭ ಆಗುತ್ತಿದ್ದದ್ದು ಒಂದೇ ಪಕ್ಷಕ್ಕೆ. ಇದನ್ನು ನಾನು ಕಡೆಗಣಿಸಲಾರೆ.

ಕಾಲೇಜು ಮೇಷ್ಟ್ರು

1973ರ ಬಗ್ಗೆ ನಿಮ್ಮ ಟೀಕೆ ಸರಿ. 1977ರ ಬಗ್ಗೆ ಒಂದು ಮಾತು. 42ನೇ ತಿದ್ದುಪಡಿ ಆದ ಮೇಲೆ ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಒಪ್ಪಲೇಬೇಕು ಅಂತ ಸಂವಿಧಾನದಲ್ಲೇ ಬರೆದಾಗಿತ್ತು. ಇನ್ನೊಮ್ಮೆ ಯೋಚಿಸಿ ಅಂತ ವಾಪಸ್ ಕಳಿಸುವ ಅಧಿಕಾರ ಬಂದದ್ದು ಮುಂದಿನ ವರ್ಷ, 44ನೇ ತಿದ್ದುಪಡಿಯಲ್ಲಿ. ಅಂದರೆ 1977ರಲ್ಲಿ ಜತ್ತಿಯವರಿಗೆ ತಡ ಮಾಡುವುದು ಬಿಟ್ಟರೆ ಕಾನೂನಿನಲ್ಲಿ ಬೇರೆ ಏನೂ ಇರಲಿಲ್ಲ. ಅವರು ತಡೆದದ್ದು ತಪ್ಪು ಅಂತ ಆಗ ಎಲ್ಲರೂ ಬೈದರು. ಆಮೇಲೆ ಅಂಥದ್ದೇ ತಡೆಗೆ ಸಂವಿಧಾನದಲ್ಲಿ ಜಾಗ ಮಾಡಿಕೊಟ್ಟರು. ಅದನ್ನು ಮಾಡಿದ್ದು ಅದೇ ಮೊರಾರ್ಜಿ ಸರ್ಕಾರ.

ಇನ್ನೊಂದು, 1952ರಲ್ಲಿ ಮುಂಬಯಿಯಲ್ಲಿ ಜತ್ತಿಯವರಿಗೆ ಖಾತೆ ಕೊಟ್ಟ ಮುಖ್ಯಮಂತ್ರಿ ಮೊರಾರ್ಜಿ. 1977ರ ಮಾರ್ಚ್ 24ಕ್ಕೆ ಮೊರಾರ್ಜಿಗೆ ಪ್ರಧಾನಿ ಪ್ರಮಾಣವಚನ ಬೋಧಿಸಿದವರು ಜತ್ತಿ. ತಿಂಗಳು ಕಳೆಯುತ್ತಲೇ ಇಬ್ಬರ ನಡುವೆ ಈ ಕಾಗದ ಬಂತು.

ಪುಣೆ ಕನ್ನಡಿಗ

ಇದು ಗೊತ್ತೇ ಇರಲಿಲ್ಲ. ಮೈ ಜುಮ್ಮೆಂದಿತು.

ವಾರ್ಡ್ ಹನ್ನೊಂದು

ದೆಹಲಿ ಮಾತು ಸಾಕು, ಮತ್ತೆ ಊರಿಗೆ ಬರೋಣ. ಇವತ್ತು ಜಮಖಂಡಿಯಂಥ ಊರಿನಿಂದ ಇನ್ನೊಬ್ಬ ಜತ್ತಿ ಬರಲು ಆಗುತ್ತದಾ? ನನಗೆ ಇದು ಎದೆಗೆ ಹತ್ತಿರದ ಪ್ರಶ್ನೆ.

ಈಗ ಅಧ್ಯಕ್ಷರ ಅವಧಿ 30 ತಿಂಗಳು. ಐದು ವರ್ಷದಲ್ಲಿ ಇಬ್ಬರು. ಹೋಗಲಿ, ಅಷ್ಟಾದರೂ ಪೂರ್ತಿ ಸಿಗುತ್ತದಾ? 2018ರಲ್ಲಿ ಗೆದ್ದವರು ಮೀಸಲಾತಿ ಪಟ್ಟಿಯ ಕೋರ್ಟ್ ಕೇಸಿನಿಂದ 2020ರವರೆಗೆ ಅಧ್ಯಕ್ಷರಿಲ್ಲದೆ ಕೂತರು. ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಪಟ್ಟಿ ಬರಲು ಮತ್ತೆ ವರ್ಷದ ಮೇಲೆ ಆಯಿತು. ಅಲ್ಲಿಯವರೆಗೆ ಆಡಳಿತಾಧಿಕಾರಿ ರಾಜ್ಯ. ಸದಸ್ಯರಿದ್ದಾರೆ, ಸಭೆ ಇಲ್ಲ. ಜನ ನಮ್ಮನ್ನು ಬೈಯುತ್ತಾರೆ, ಸಹಿ ಬೇರೆಯವರದ್ದು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಮೀಸಲಾತಿ ಬೇಡ ಅಂತ ನಾನು ಹೇಳುತ್ತಿಲ್ಲ. ಮೀಸಲಾತಿ ಇಲ್ಲದಿದ್ದರೆ ನನ್ನಂಥವಳು ಆ ಬಾಗಿಲು ದಾಟುತ್ತಿರಲಿಲ್ಲ. ಪಟ್ಟಿಯನ್ನು ಸರಿಯಾದ ಸಮಯಕ್ಕೆ ಮಾಡಿ, ಸರದಿ ತಪ್ಪಿಸಬೇಡಿ, ಅಷ್ಟೇ ನನ್ನ ಬೇಡಿಕೆ. ಪಟ್ಟಿ ತಡ ಆದರೆ ಮೊದಲು ಪೆಟ್ಟು ಬೀಳುವುದು ಮೊದಲ ಸಲ ಬಂದವರಿಗೆ. ದುಡ್ಡು, ಮನೆತನ ಇದ್ದವರು ಕಾಯಬಲ್ಲರು.

ಇನ್ನೊಂದು ವಿಷಯ, ಶಾಸಕರಿಗೂ ಸಂಸದರಿಗೂ ಪುರಸಭೆಯಲ್ಲಿ ಓಟಿದೆ. ಬಲಾಬಲ ಸಮ ಇದ್ದರೆ ಅಧ್ಯಕ್ಷರನ್ನು ಆರಿಸುವುದು ಅವರ ಓಟೇ. ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಮನೆ ಯಾರಿಗೆ ಕೊಡಬೇಕು ಅನ್ನೋದು ಅಲ್ಲಿ ತೀರ್ಮಾನ ಆಗುತ್ತದೆ. ಹೀಗಿರುವಾಗ ಪುರಸಭೆ ಅಧ್ಯಕ್ಷ ಬೆಳೆದು ನಾಳೆ ತನ್ನ ಎದುರೇ ನಿಲ್ಲಲಿ ಅಂತ ಯಾವ ಶಾಸಕ ಬಯಸುತ್ತಾನೆ?

ಜೋಳದ ಹೊಲ

ಅಕ್ಕ ಹೇಳಿದ್ದು ಖರೆ. ಆದರೆ ಜಮಖಂಡಿ ಸೀಮೆಯಲ್ಲೇ ಇನ್ನೊಂದು ದಾರಿಯೂ ಕಂಡಿದೆ. 1989ರಲ್ಲಿ ರೈತರು ತಾವೇ ದುಡ್ಡು ಹಾಕಿ, ಮೈ ಬಗ್ಗಿಸಿ ದುಡಿದು ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರು. ಅದರ ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಆಮೇಲೆ ಜಮಖಂಡಿ ಶಾಸಕರಾದರು. ಪುರಸಭೆ ಮುಚ್ಚಿದರೆ ಜನ ಬೇರೆ ಕಡೆಯಿಂದ ಮೇಲೆ ಬರುತ್ತಾರೆ.

ವಕೀಲಿ ಕೋಟು

ಬರುತ್ತಾರೆ, ಆದರೆ ಒಬ್ಬೊಬ್ಬರೇ. ಪುರಸಭೆ ಸರಿಯಾಗಿ ನಡೆದರೆ ಪ್ರತಿ ಊರಿನಿಂದ ಐದು ವರ್ಷಕ್ಕೊಮ್ಮೆ ಹತ್ತಾರು ಜನ ತಯಾರಾಗುತ್ತಾರೆ. ಈ ಒಂದು ವಿಷಯದಲ್ಲಿ ಸೀಮೆಯವರ ವಾದಕ್ಕೆ ನನ್ನ ಪೂರ್ತಿ ಬೆಂಬಲ.

ಸಾವಳಗಿ ಸೀಮೆ

ಎಲ್ಲರಿಗೂ ಧನ್ಯವಾದ. 1964ರಲ್ಲಿ ಜತ್ತಿಯವರು ಬೆಂಗಳೂರಿನಲ್ಲಿ ಬಸವ ಸಮಿತಿ ಕಟ್ಟಿದ್ದನ್ನು ಬರೆಯಬೇಕು ಅಂದುಕೊಂಡಿದ್ದೆ. ಅವರು 2002ರಲ್ಲಿ ತೀರಿಕೊಂಡ ಮೇಲೂ ನಡೆದುಕೊಂಡು ಬಂದ ಸಂಸ್ಥೆ ಅದು. ಅದಕ್ಕೆ ಬೇರೆ ಚರ್ಚೆ ತೆರೆಯೋಣ.

ಈಗ ಒಂದು ಕೆಲಸ ಮಾಡಬೇಕು ಅನ್ನಿಸುತ್ತಿದೆ. 1940ರಿಂದ 1948ರವರೆಗಿನ ಜಮಖಂಡಿ ಪುರಸಭೆಯ ನಡಾವಳಿ ಪುಸ್ತಕ ಎಲ್ಲಾದರೂ ಉಳಿದಿದೆಯಾ ಅಂತ ಹುಡುಕಬೇಕು. ಅವರು ಯಾವ ಠರಾವು ತಂದರು, ಯಾವುದಕ್ಕೆ ವಿರೋಧ ಮಾಡಿದರು, ನೀರಿಗೆ ಎಷ್ಟು, ಶಾಲೆಗೆ ಎಷ್ಟು ಇಟ್ಟರು ಅನ್ನೋದು ಅದರಲ್ಲೇ ಇರಬೇಕು. ಹೇಗೆ ಕೇಳಬೇಕು ಅಂತ ಗೊತ್ತಿದ್ದವರು ಹೇಳಿ.

ವಕೀಲಿ ಕೋಟು

ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದದೊಳಗೆ ಇರಲಿ, ಒಂದು ಅರ್ಜಿಗೆ ಒಂದೇ ವಿಷಯ. ಪ್ರತಿ ಕೊಡಿ ಅನ್ನುವ ಬದಲು ಮೊದಲು "ಕಡತ ಪರಿಶೀಲನೆಗೆ ಅವಕಾಶ ಕೊಡಿ" ಅಂತ ಬರೆಯಿರಿ, ಹಳೆಯ ಪುಸ್ತಕ ಜೆರಾಕ್ಸಿಗೆ ತಡೆಯುವುದಿಲ್ಲ. ಒಂದು ಅರ್ಜಿ ಜಮಖಂಡಿ ನಗರಸಭೆಗೆ (ಹಿಂದಿನ ಪುರಸಭೆ), ಇನ್ನೊಂದು ರಾಜ್ಯ ಪತ್ರಾಗಾರ ಇಲಾಖೆಗೆ. ಸಂಸ್ಥಾನದ ಕಾಗದ ಕೊಲ್ಹಾಪುರ, ಪುಣೆ, ಮುಂಬಯಿ ಕಡೆಯ ದಫ್ತರಿಗೂ ಹೋಗಿರಬಹುದು, ಆದ್ದರಿಂದ ಅಲ್ಲೂ ವಿಚಾರಿಸಬೇಕು. ಕರಡು ಅರ್ಜಿ ನಾನು ಬರೆದುಕೊಡುತ್ತೇನೆ.

ಪುಣೆ ಕನ್ನಡಿಗ

ಪುಣೆ ದಫ್ತರು ನನಗೆ ಬಿಡಿ. ಅಲ್ಲಿನ ಹಳೇ ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೇ ಬರಹ) ಇದ್ದರೆ ಓದುವವರನ್ನೂ ಕರೆದುಕೊಂಡು ಹೋಗುತ್ತೇನೆ.

ವಾರ್ಡ್ ಹನ್ನೊಂದು

ನಡಾವಳಿ ಪುಸ್ತಕ ಸಿಕ್ಕಿದರೆ ಬರೀ ಠರಾವಿನ ಪುಟ ನೋಡಬೇಡಿ. ಸದಸ್ಯರ ಹಾಜರಿ ಸಹಿ ಇರುವ ಪುಟ, ಜಮಾ ಖರ್ಚಿನ ಪುಟ ಎರಡೂ ಫೋಟೋ ತೆಗೆಯಿರಿ. ಯಾರು ಸಭೆಗೆ ಬಂದರು, ಯಾರು ಬರಲಿಲ್ಲ ಅನ್ನೋದು ಅಲ್ಲೇ ಸಿಗುತ್ತದೆ.